ಬ್ರೇಕಿನೊಳಗಿನ ಗಾಳಿ

"ಒತ್ತು," ಎಂದ ಗಂಡ, ಹಿಂದಿನ ಚಕ್ರದ ಮರೆಯಿಂದ. ಅವಳು ಒತ್ತಿದಳು. ಪಾದದಡಿಯ ಬ್ರೇಕ್ ಪೆಡಲ್ ತುಸು ಇಳಿದು, ಕಲ್ಲಿಗೆ ತಾಗಿದಂತೆ ನಿಂತುಬಿಟ್ಟಿತು. ಹಾಗೆ ನಿಲ್ಲಬಾರದಾಗಿತ್ತು. ಅಪಘಾತದ ದಿನ ಅದು ಹತ್ತಿಯ ಮೂಟೆಯ ಮೇಲೆ ಕಾಲಿಟ್ಟ ಹಾಗೆ ಮೆತ್ತಗೆ ಕುಸಿಯಿತು, ಕಾಲು ತಳ ಮುಟ್ಟಿದರೂ ಕಾರು ನಿಲ್ಲಲೇ ಇಲ್ಲ ಎಂದು ಅವಳು ಗಂಡನಿಗೆ ಹೇಳಿದ್ದಳು, ಮೂಳೆ ಡಾಕ್ಟರಿಗೆ ಹೇಳಿದ್ದಳು, ಕೂಗು ಕೇಳಿ ಓಡಿಬಂದ ಪಕ್ಕದ ಮನೆಯವರಿಗೆ ಹೇಳಿದ್ದಳು. ಹೇಳುತ್ತ ಹೇಳುತ್ತ ಆ ಹತ್ತಿಯ ಮೂಟೆ ಎಷ್ಟು ನಿಜವಾಗಿಬಿಟ್ಟಿತ್ತೆಂದರೆ, ಮಂಚದಲ್ಲಿ ಹೊರಳುವಾಗ ಬಲಗಾಲಿನ ಅಂಗಾಲಿಗೆ ಅದರ ಮೆದುತನ ತಾಗಿದಂತಾಗುತ್ತಿತ್ತು. ಈಗ ಬೆಳಗಿನ ನಿಚ್ಚಳ ಬಿಸಿಲಿನಲ್ಲಿ, ಜಾಕಿನ ಮೇಲೆ ಒಂದು ಪಕ್ಕಕ್ಕೆ ವಾಲಿದ ಅದೇ ಕಾರಿನೊಳಗೆ, ಅದೇ ಸೀಟಿನಲ್ಲಿ ಕೂತು, ಅದೇ ಕಾಲಿನಿಂದ ಒತ್ತಿದರೆ ಹತ್ತಿಯೂ ಇಲ್ಲ, ಮೂಟೆಯೂ ಇಲ್ಲ. "ಹಿಡ್ಕೊಂಡಿದ್ದೀಯಾ?" ಎಂದ ಅವನು. "ಹಿಡ್ಕೊಂಡಿದ್ದೀನಿ." "ನಾನು ಬಿಡು ಅನ್ನೋವರೆಗೂ ಕಾಲು ಎತ್ತಬೇಡ. ನಿಪ್ಪಲ್ ತೆರೆದಿರುವಾಗ ಎತ್ತಿದರೆ ಹೊರಗಿನ ಗಾಳಿಯೆಲ್ಲ ಒಳಗೆ ಹೀರಿಕೊಂಡು ಬಿಡತ್ತೆ. ಮಾಡಿದ್ದೆಲ್ಲ ಮಣ್ಣುಪಾಲು." ಸ್ಪ್ಯಾನರ್ ಒಮ್ಮೆ ಕಿರುಗುಟ್ಟಿತು. ಚಕ್ರದ ಹಿಂದಿರುವ, ನಿಪ್ಪಲ್ ಎಂಬ ಆ ಪುಟ್ಟ ತಿರುಪು ಸಡಿಲವಾದೊಡನೆ ಪೆಡಲ್ ತಾನಾಗಿ ಕೆಳಗೆ, ಕೆಳಗೆ, ತಳಕ್ಕೆ ಇಳಿಯಿತು. ಪಾರದರ್ಶಕ ಕೊಳವೆಯಲ್ಲಿ ಬ್ರೇಕ್ ಆಯಿಲ್ ಹರಿದು ಬಾಟಲಿಗೆ ಬೀಳುತ್ತಿರಬೇಕು. ಅದರಲ್ಲಿ ಗುಳ್ಳೆಗಳಿದ್ದರೆ ಅವಳು ಉಳಿದಳು. ಇಲ್ಲದಿದ್ದರೆ, ಎಂದು ಯೋಚಿಸುವಷ್ಟರಲ್ಲಿ ತಿರುಪು ಬಿಗಿಯಾದ ಸದ್ದು ಬಂತು. "ಬಿಡು. ವಿಚಿತ್ರ ಕಣೇ. ಒಂದೇ ಒಂದು ಗುಳ್ಳೆ ಬರಲಿಲ್ಲ."

ಗಂಡನಿಗೆ ಕನ್ನಡಕದ ಅಂಗಡಿ. ದಿನವಿಡೀ ಜನರ ಮೂಗಿನ ಮೇಲೆ ಗಾಜು ಬದಲಾಯಿಸುತ್ತ, ಇದು ಸ್ಪಷ್ಟವೋ ಹಿಂದಿನದು ಸ್ಪಷ್ಟವೋ ಎಂದು ಕೇಳುವುದು ಅವನ ವೃತ್ತಿ. ಅವರು ಹೇಳಿದ್ದನ್ನು ನಂಬುವುದೂ ಅದೇ ವೃತ್ತಿಯ ಭಾಗ. ಎದುರಿನವನ ಕಣ್ಣಿನೊಳಗೆ ಹೊಕ್ಕು ನೋಡಲಾಗುವುದಿಲ್ಲವಲ್ಲ ಎಂದು ನಗುತ್ತ ಹೇಳುತ್ತಿದ್ದ. ಅವಳ ಮಾತನ್ನೂ ಹಾಗೆಯೇ ನಂಬಿದ್ದ. ಅಪಘಾತಕ್ಕೆ ತುಸು ಮುಂಚೆ ಕಾರಿನ ಬ್ರೇಕ್ ಬಿಚ್ಚಿ ಕೂಡಿಸಿದವನು ಗ್ಯಾರೇಜಿನ ಮೇಸ್ತ್ರಿ. ಹಾಗಾಗಿ ಮಾತು ನೇರವಾಗಿ ಅವನ ತಲೆಯ ಮೇಲೆ ಹೋಗಿ ಕೂತಿತ್ತು. ಗ್ಯಾರೇಜಿನ ಮಾಲೀಕ ಅವನನ್ನು ಎಲ್ಲ ರಿಪೇರಿಯಿಂದ ಬಿಡಿಸಿ ಕಾರು ತೊಳೆಯಲು ಹಾಕಿದ್ದಾನಂತೆ. ತಪ್ಪು ಅವನದೇ ಎಂದು ಗೊತ್ತಾದರೆ ಅದೂ ಇಲ್ಲ. ಆದರೆ ಗಂಡ ನ್ಯಾಯವಂತ. ಅವನ ನ್ಯಾಯವೇ ಅವಳಿಗೆ ಈಗ ಮುಳುವಾಗಿತ್ತು. "ಒಬ್ಬನ ಅನ್ನಕ್ಕೆ ಕೈ ಹಾಕೋ ಮುಂಚೆ ನಾವೇ ಒಂದ್ಸಲ ನೋಡಿಬಿಡೋಣ. ಲೈನಿನಲ್ಲಿ ಗಾಳಿ ಸೇರಿದರೇನೇ ಪೆಡಲ್ ಮೆತ್ತಗಾಗೋದು. ಗಾಳಿ ಇದ್ದರೆ ಅವನ ತಪ್ಪು. ಇಲ್ಲದಿದ್ದರೆ ಇಲ್ಲ," ಎಂದಿದ್ದ ನಿನ್ನೆ ಊಟದ ಹೊತ್ತಿಗೆ. ಮೇಸ್ತ್ರಿಗೂ ಫೋನು ಮಾಡಿ, ಮಧ್ಯಾಹ್ನದ ಮೇಲೆ ಬನ್ನಿ, ನಿಮ್ಮ ಎದುರಿಗೇ ಇತ್ಯರ್ಥವಾಗಲಿ ಎಂದಿದ್ದ. ಇಲ್ಲದಿದ್ದರೆ ಮತ್ತೆ ಯಾರ ತಪ್ಪು ಎಂದು ಅವನು ಕೇಳಿಕೊಂಡಿರಲಿಲ್ಲ. ಆ ಪ್ರಶ್ನೆ ಅವನಿಗೆ ಇನ್ನೂ ಹೊಳೆದಿರಲಿಲ್ಲ. ನಾಲ್ಕು ಚಕ್ರ ಮುಗಿಯುವಷ್ಟರಲ್ಲಿ ಹೊಳೆಯುತ್ತದೆ.

ಅವಳು ತಲೆಯೆತ್ತಿದಳು. ಎತ್ತಬಾರದೆಂದುಕೊಂಡೇ ಎತ್ತಿದಳು. ಕಾರಿನ ಮೂತಿಗೆ ನೇರವಾಗಿ ಮುಂದಿನ ಕೋಣೆಯ ಕಿಟಕಿ, ಕಿಟಕಿಯಲ್ಲಿ ಅತ್ತೆ. ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲೆ ನೀಡಿಕೊಂಡು ಕುರ್ಚಿಯಲ್ಲಿ ಕೂತವರು ಇತ್ತಲೇ ನೋಡುತ್ತಿದ್ದರು. ಅಂದು ಕಾರಿನ ಮೂತಿ ಗೇಟಿನ ಕಡೆಗಿತ್ತು, ಆದರೂ ಅತ್ತೆ ಹೀಗೆಯೇ ಎದುರಿಗೆ, ನಡುವೆ ಕಾರಿನ ಇದೇ ಗಾಜು. ಮನೆಯಂಗಳ ಗೇಟಿನ ಕಡೆಗೆ ಇಳಿಜಾರು. ಕೈಬ್ರೇಕ್ ಇಳಿಸಿದರೆ ಸಾಕು, ಎಂಜಿನ್ನಿನ ಹಂಗಿಲ್ಲದೆ ಕಾರು ಮೆಲ್ಲಗೆ ಉರುಳುತ್ತದೆ. ಅವಳು ಮಾಡಬೇಕಾದ್ದು ಕೊನೆಯಲ್ಲಿ ಒಂದಿಷ್ಟು ಬ್ರೇಕ್ ಒತ್ತುವುದು ಮಾತ್ರ. ಗೇಟು ತೆರೆಯಲು ಅತ್ತೆ ದಿನವೂ ಮುಂದೆ ಹೋಗುತ್ತಿದ್ದರು. ಬೇಡ ಅತ್ತೆ, ನಾನೇ ಇಳಿದು ತೆಗೀತೀನಿ ಎಂದರೆ ಕೇಳುವವರಲ್ಲ. ತೆರೆದು ಸುಮ್ಮನಿರುವವರೂ ಅಲ್ಲ. ಲಾರಿ ಹೋಗುವಷ್ಟು ಅಗಲದ ಗೇಟಿನ ಮುಂದೆ ನಿಂತು ಬೀದಿಗೆಲ್ಲ ಕೇಳುವ ಹಾಗೆ, "ಬಾ, ಬಾ, ಇನ್ನೂ ಬಾ, ಹೆದರಬೇಡ, ಬಾ... ಸಾಕು!" ಸಾಕು ಎನ್ನುವಾಗ ಅಂಗೈ ಎತ್ತಿ ಹಿಡಿಯುವರು, ಅಂಬೆಗಾಲಿಡುವ ಕೂಸನ್ನು ತಡೆದಂತೆ. ಎದುರು ಮನೆಯ ಟೈಲರ್ ಒಮ್ಮೆ ನಕ್ಕಿದ್ದ, "ನಿಮ್ಮ ಸೊಸೆ ಒಬ್ಬರೇ ಆಸ್ಪತ್ರೆವರೆಗೂ ಹೋಗ್ತಾರಾ, ಇಲ್ಲಾ ದಾರಿಯುದ್ದಕ್ಕೂ ನೀವೇ ಮುಂದೆ ಓಡ್ತೀರಾ?" ಅತ್ತೆಯೂ ನಕ್ಕಿದ್ದರು. ಅವಳೂ. ಆಸ್ಪತ್ರೆಯ ಲ್ಯಾಬಿನಲ್ಲಿ ಎಂಥೆಂಥವರ ತೋಳಿನ ನರ ಹಿಡಿದು, ಒಂದು ಚುಚ್ಚಿಗೇ ರಕ್ತ ತೆಗೆಯುವವಳು. ಅವಳ ಕೈ ನಡುಗಿದ್ದನ್ನು ಕಂಡವರಿಲ್ಲ. ಅಂದು ಕಾರು ಉರುಳಿತು, ಬಾ, ಬಾ, ಅಂಗೈ ಎದ್ದಿತು, ಸಾಕು. ಅವಳು ಆ ಅಂಗೈಯನ್ನು ನೋಡಿದಳು. ಅದರ ಗೆರೆಗಳನ್ನೂ ನೋಡಿದಳೇನೋ. ಅಷ್ಟು ನಿಧಾನವಾಗಿತ್ತು ಕಾರು. ಅದೇ ಅವಳನ್ನು ಹಿಂಡುತ್ತಿದ್ದುದು, ಆ ನಿಧಾನ. ವೇಗವಿದ್ದಿದ್ದರೆ ಕಾಲು ತಪ್ಪಿತು ಎನ್ನಬಹುದಿತ್ತು. ಅಲ್ಲಿ ಬೇಕಾದಷ್ಟು ಹೊತ್ತಿತ್ತು, ಪೆಡಲ್ ಪಾದದ ಪಕ್ಕದಲ್ಲೇ ಇತ್ತು. ಆದರೂ ಕಾಲು ಹೋಗಲಿಲ್ಲ. ಕಾಲು ಹೋಗಲಿಲ್ಲವೋ, ತಾನು ಕಳಿಸಲಿಲ್ಲವೋ? ಎತ್ತಿದ ಅಂಗೈ ಕೆಳಗಿಳಿದದ್ದು, ಅತ್ತೆಯ ಬಾಯಿ ತೆರೆದದ್ದು, ಗೇಟಿನ ಕಂಬಿ ಮತ್ತು ಬಂಪರಿನ ನಡುವೆ ಏನೋ ಮುರಿದದ್ದು. ಆಮೇಲೆ ಮೊದಲು ಕೇಳಿಸಿದ್ದು ಅವಳದೇ ದನಿ, "ಬ್ರೇಕ್ ಹಿಡೀಲಿಲ್ಲ! ಬ್ರೇಕ್ ಹಿಡೀಲಿಲ್ಲ!"

"ಎರಡನೇ ಚಕ್ರದಲ್ಲೂ ಇಲ್ಲ," ಎಂದ ಗಂಡ. ಯಾವಾಗ ಆ ಕಡೆಯ ಚಕ್ರಕ್ಕೆ ಹೋದ, ಯಾವಾಗ ತಾನು ಒತ್ತಿದೆ, ಹಿಡಿದೆ, ಬಿಟ್ಟೆ ಎಂಬುದೇ ಅವಳ ಲಕ್ಷ್ಯಕ್ಕೆ ಬಂದಿರಲಿಲ್ಲ. ಕಾಲು ತನ್ನ ಪಾಡಿಗೆ ಮಾಡಿತ್ತು. ಈಗ ಎಷ್ಟು ವಿಧೇಯ! ಅವನು ಬಾನೆಟ್ ಎತ್ತಿ ಡಬ್ಬಿಗೆ ಹೊಸ ಆಯಿಲ್ ಸುರಿಯತೊಡಗಿದ. ಎತ್ತಿದ ಬಾನೆಟ್ ಕಿಟಕಿಯನ್ನು ಮರೆಮಾಡಿತು. ಆ ಮರೆಯಲ್ಲಿ ಅವಳು ಬೆಳಗಿನಿಂದ ಮೊದಲ ಬಾರಿಗೆ ಉಸಿರು ಬಿಟ್ಟಳು. ಅವನು ಕೈಯೊರೆಸುತ್ತ ಬಾಗಿಲ ಬಳಿ ಬಂದು ನಿಂತ. "ಅವತ್ತು ಪೆಡಲ್ ಹೇಗಿತ್ತು ಅಂದೆ? ಇನ್ನೊಂದ್ಸಲ ಹೇಳು." "ಎಷ್ಟು ಸಲ ಹೇಳಲಿ? ಹತ್ತಿಯ ಹಾಗೆ." "ಮೊದಲಿಂದಲೂ ಹಾಗಿತ್ತಾ, ಇಲ್ಲಾ ಗೇಟಿನ ಹತ್ತಿರ ಬಂದ ಮೇಲೆ ಹಾಗಾಯ್ತಾ?" ಅವನ ದನಿಯಲ್ಲಿ ಸಂಶಯವಿರಲಿಲ್ಲ. ಅಂಗಡಿಯ ಗಿರಾಕಿಗೆ ಎರಡು ಗಾಜು ತೋರಿಸಿ ಕೇಳುವ ಅದೇ ತಾಳ್ಮೆ. "ಬಂದ ಮೇಲೆ," ಎಂದಳು. "ಅಲ್ಲ, ಮೊದಲಿಂದಲೂ ಇತ್ತೇನೋ. ನನಗೇನು ಗೊತ್ತು, ನಾನೇನು ಮೆಕ್ಯಾನಿಕ್ಕಾ?" "ಸಿಡುಕಬೇಡವೇ. ಗಾಳಿ ಇರಲೇಬೇಕಲ್ಲ ಹಾಗಾದ್ರೆ," ಎಂದು ತನ್ನೊಳಗೇ ಗುನುಗಿಕೊಂಡು ಹೋಗಿ ಬಾನೆಟ್ ಮುಚ್ಚಿದ. ಕಿಟಕಿ ಮತ್ತೆ ಬಂತು. ಅತ್ತೆಯ ಮುಖ ಇದ್ದಲ್ಲೇ ಇತ್ತು. ಅತ್ತೆ ಅಂದಿನಿಂದ ಅವಳಿಗೆ ಒಂದು ಮಾತು ಅಂದಿರಲಿಲ್ಲ. ನೋಡಲು ಬಂದವರಿಗೆಲ್ಲ, "ಪಾಪ, ಅವಳೇನು ಮಾಡ್ತಾಳೆ, ಬ್ರೇಕೇ ಹಿಡೀಲಿಲ್ಲ," ಎಂದು ತಾವೇ ಮೊದಲು ಹೇಳಿಬಿಡುತ್ತಿದ್ದರು. ಗಾಜಿನ ಈಚೆಯ ತನ್ನ ಮುಖವನ್ನು ಅವರು ಅಂದು ಕಂಡಿರಲಿಲ್ಲವೆ? ಕಂಡಿದ್ದರೆ ಆ ಮುಖ ಹೇಗಿತ್ತು? ಅದನ್ನು ಹೇಳಬಲ್ಲವರು ಲೋಕದಲ್ಲಿ ಅವರೊಬ್ಬರೇ. ಕೇಳಲು ಸಾಧ್ಯವಿಲ್ಲದವಳು ಇವಳೊಬ್ಬಳೇ.

ಮೂರನೆಯದು ಮುಂದಿನ ಎಡ ಚಕ್ರ. ಅವನು ಕುಕ್ಕರಗಾಲಿನಲ್ಲಿ ಕೂತ. ಅವಳಿಗೆ ನೆತ್ತಿಯ ಕೂದಲಷ್ಟೇ ಕಾಣುತ್ತಿತ್ತು. ಬಾಟಲಿಯ ಕತ್ತಿಗೆ ಸಿಕ್ಕಿಸಿದ್ದ ಕೊಳವೆಯ ತುದಿ ಆಯಿಲಿನಲ್ಲಿ ಮುಳುಗದೆ ಗಾಳಿಯಲ್ಲಿ ತೂಗುತ್ತಿತ್ತು. ಒತ್ತು. ಬಿಡು. ಒತ್ತು. ಹಿಡಿ. ಹಿಡ್ಕೊಂಡಿದ್ದೀನಿ. ತಿರುಪು ಸಡಿಲವಾಯಿತು, ಪೆಡಲ್ ಇಳಿಯತೊಡಗಿತು. ಇದೂ ಹೀಗೆಯೇ ಮುಗಿದರೆ ಉಳಿಯುವುದು ಒಂದೇ ಚಕ್ರ. ಆಮೇಲೆ ಅವನು ಎದ್ದು ನಿಂತು, ಕೈಯೊರೆಸಿಕೊಂಡು, ಅದೇ ತಾಳ್ಮೆಯಿಂದ, ಗಾಳಿ ಇಲ್ಲ ಎಂದಮೇಲೆ ಮತ್ತೇನಾಯಿತು ಹೇಳು ಎನ್ನುತ್ತಾನೆ. ಅವಳ ಅಂಗಾಲು ಬೆವೆತಿತ್ತು. ಅಷ್ಟರಲ್ಲಿ ಕಿಟಕಿಯಿಂದ ಅತ್ತೆ ಕೂಗಿದರು, "ಲೋ, ಬಿಸಿಲು ನೆತ್ತಿ ಸುಡ್ತಾ ಇದೆ. ಏನಾದ್ರೂ ಕುಡಿದು ಮಾಡಬಾರದಾ?" "ಇದೊಂದು ಮುಗಿಸಿ ಬಂದೆನಮ್ಮಾ," ಎಂದು ಅವನು ಸ್ಪ್ಯಾನರಿನ ಮೇಲೆ ಕೈಯಿಟ್ಟುಕೊಂಡೇ ಕತ್ತು ಆ ಕಡೆ ತಿರುಗಿಸಿದ. ಅವಳು ಕಾಲೆತ್ತಿದಳು.

ಈ ಸಲ ಸಂಶಯವೇ ಇರಲಿಲ್ಲ. ಕಾಲನ್ನು ಅವಳೇ ಎತ್ತಿದ್ದಳು. ಪೆಡಲ್ ಅವಳ ಪಾದವನ್ನು ಹಿಂಬಾಲಿಸಿ ಮೇಲೆ ಬಂತು. ಕೊಳವೆಯಲ್ಲಿದ್ದ ಆಯಿಲ್ ಹಿಂದಕ್ಕೆ ಸರಿದು, ಅದರ ಬೆನ್ನಿಗೇ ಗಾಳಿ ಕಾರಿನ ಒಡಲೊಳಗೆ ಹೋಗಿರಬೇಕು. ಸಿರಿಂಜಿನಲ್ಲಿ ಸಾಸಿವೆಯಷ್ಟು ಗುಳ್ಳೆ ಕಂಡರೂ ಉಗುರಿನಿಂದ ತಟ್ಟಿ ತಟ್ಟಿ ಹೊರಗಟ್ಟುವ ಅವಳ ಬೆರಳುಗಳು ಸ್ಟೀರಿಂಗಿನ ಮೇಲೆ ಬಿಳಿಚಿಕೊಂಡಿದ್ದವು. ಮತ್ತೆ ಒತ್ತಿದಳು. "ಬಂತು!" ಎಂದು ಗಂಡ ಕಿರುಚಿದ. "ಬಂತು ಕಣೇ! ಎಷ್ಟೊಂದು! ಬಾ ಇಲ್ಲಿ, ನೋಡು... ಬೇಡ ಬೇಡ, ಕಾಲು ತೆಗೀಬೇಡ... ಹಾಂ, ಮುಚ್ಚಿದೆ, ಈಗ ಬಾ." ಅವಳು ಇಳಿದು ಹೋಗಿ ನೋಡಿದಳು. ಕೊಳವೆಯ ತುಂಬ ಗುಳ್ಳೆಗಳು, ಒಂದರ ಹಿಂದೊಂದು, ಸಣ್ಣವು ದೊಡ್ಡವು, ಹೊಂಬಣ್ಣದ ದ್ರವದಲ್ಲಿ ಮಿನುಗುತ್ತ ನಿಂತಿದ್ದವು. ಚೆಂದವಾಗಿಯೇ ಇದ್ದವು. "ನೀನು ಹೇಳಿದ್ದು ನೂರಕ್ಕೆ ನೂರು ನಿಜ," ಎಂದು ಅವನು ಎಣ್ಣೆಗೈಯಿಂದಲೇ ಅವಳ ಮುಂಗೈ ಹಿಡಿದ. "ನಿಜ ಹೇಳ್ತೀನಿ, ಎರಡನೇ ಚಕ್ರ ಆದ ಮೇಲೆ ನನಗೇ ಒಂಥರಾ ಆಗಿತ್ತು." "ಅಮ್ಮಾ, ಸಿಕ್ತು!" ಎಂದು ಅವನು ಕಿಟಕಿಗೆ ಕೂಗಿದ. "ಸಿಕ್ತಾ? ಒಳ್ಳೇದಾಯ್ತು," ಎಂದರು ಅತ್ತೆ. ಕುಡಿಯುವ ಮಾತು ಅವರು ಮತ್ತೆ ಎತ್ತಲಿಲ್ಲ. ಬಿಸಿಲು ಇನ್ನೂ ಅಷ್ಟೇನೂ ಏರಿರಲಿಲ್ಲ ಎಂಬುದು ಅವಳಿಗೆ ಆಗ ಕಂಡಿತು. ಕೂಗಿದ್ದು ಸರಿಯಾಗಿ ಆ ಕ್ಷಣದಲ್ಲೇ ಏಕೆ? ಕಿಟಕಿಯ ಕಡೆ ನೋಡಿದಳು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

ಗಂಡ ಹೇಳಿದ್ದ ಹೊತ್ತಿಗಿಂತ ಮುಂಚೆಯೇ ಮೇಸ್ತ್ರಿ ಬಂದ. ಸೈಕಲ್ಲನ್ನು ಗೇಟಿನ ಹೊರಗೇ ನಿಲ್ಲಿಸಿ, ಒಳಗೆ ಬರಲೇ ಎಂಬಂತೆ ಕಂಬಿಯ ಮೇಲೆ ಕೈಯಿಟ್ಟು ನಿಂತಿದ್ದ. ಮಡಿಚಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ, ನೆಂಟರ ಮನೆಗೆ ಬಂದವನ ಹಾಗೆ. "ಬನ್ನಿ, ನೀವೇ ನೋಡಿ," ಎಂದ ಗಂಡ. ದನಿಯಲ್ಲಿ ಜಯವನ್ನು ಅಡಗಿಸಿ ಮರ್ಯಾದೆ ತುಂಬಿಕೊಂಡಿದ್ದ. ಮೇಸ್ತ್ರಿ ಕುಕ್ಕರಿಸಿ ಕೊಳವೆಯನ್ನು ಬೆಳಕಿಗೆ ಹಿಡಿದ. ಬಹಳ ಹೊತ್ತು ಹಿಡಿದ. "ಬೇರೆ ಚಕ್ರಗಳಲ್ಲಿ, ಸಾರ್?" "ಹಿಂದಿನವೆರಡೂ ಚೆನ್ನಾಗಿವೆ. ಇದೊಂದೇ." "ಇದೊಂದೇ," ಎಂದು ಅವನೂ ಅಂದ. ವಾದಿಸುತ್ತಾನೆ, ಜಗಳ ಆಡುತ್ತಾನೆ, ಸಾಧ್ಯವೇ ಇಲ್ಲ ಎನ್ನುತ್ತಾನೆ ಎಂದು ಅವಳು ಕಾದಳು. ಅದಕ್ಕೆ ಬೇಕಾದ ಉತ್ತರಗಳನ್ನೂ ಕೂಡಿಸಿಟ್ಟುಕೊಂಡಿದ್ದಳು. ಅವನು ಹಣೆ ಉಜ್ಜಿಕೊಂಡ. "ಈ ಚಕ್ರ ಮಾಡ್ತಿದ್ದಾಗ ಒಂದು ಫೋನ್ ಬಂದಿತ್ತು ಸಾರ್. ಅಕ್ಕನ ಮಗಳ ಸಂಬಂಧದ ಮಾತು. ಎದ್ದು ಆಚೆ ಹೋಗಿ ಮಾತಾಡಿದೆ. ಬಂದು ನಿಪ್ಪಲ್ ಬಿಗಿ ಮಾಡಿದ್ದೆ. ಮಾಡಿದ್ದೆ ಅಂತಲೇ... ಇಲ್ಲ, ಮಾಡಿರಲಿಲ್ಲವೇನೋ. ಹಾಂ, ಸ್ಪ್ಯಾನರ್ ಕೆಳಗೆ ಇಟ್ಟಿದ್ದು ನೆನಪಿದೆ. ಮತ್ತೆ ತಗೊಂಡಿದ್ದು ನೆನಪಿಲ್ಲ." ಅವಳು ಬೆರಗಾಗಿ ಕೇಳುತ್ತಿದ್ದಳು. ಅವನು ಅವಳ ಕಣ್ಣೆದುರೇ ತನಗೊಂದು ಹತ್ತಿಯ ಮೂಟೆ ಕಟ್ಟಿಕೊಳ್ಳುತ್ತಿದ್ದ. ಎಳೆ ಎಳೆಯಾಗಿ ಹಿಂಜಿ, ತುಂಬಿ, ಬಾಯಿ ಹೊಲಿದು, ಇನ್ನು ಕೆಲವೇ ದಿನಗಳಲ್ಲಿ ಅದು ಅವನಿಗೆ ಅಪ್ಪಟ ನಿಜವಾಗುತ್ತದೆ. "ನನ್ನ ಕೈ ಮೇಲೆ ನನಗೇ ನಂಬಿಕೆ ಹೋಯ್ತು ಸಾರ್. ಇನ್ನು ಬ್ರೇಕ್ ಮುಟ್ಟಲ್ಲ. ಮಾಲೀಕರಿಗೆ ನಾನೇ ಹೇಳ್ತೀನಿ." ಎದ್ದು ಕಿಟಕಿಯ ಬಳಿಗೆ ಹೋಗಿ ಕೈ ಮುಗಿದ. "ತಪ್ಪಾಯ್ತಮ್ಮ."

ಬೇಡ, ತಪ್ಪು ನಿನ್ನದಲ್ಲ ಎನ್ನುತ್ತಾರೆ ಅತ್ತೆ, ಈಗ ಎನ್ನುತ್ತಾರೆ. "ಹೋಗಲಿ ಬಿಡಪ್ಪ," ಎಂದರು ಅತ್ತೆ. "ಕೈತಪ್ಪು ಯಾರಿಗೆ ಆಗಲ್ಲ? ನೀನೇನು ಬೇಕು ಅಂತ ಮಾಡಿದ್ಯಾ?" ಹೇಳುತ್ತ ಅವರ ಕಣ್ಣು ಮೇಸ್ತ್ರಿಯ ಭುಜದ ಮೇಲಿಂದ ಹಾದು ಸೊಸೆಯ ಮೇಲೆ ಬಂದು ನಿಂತಿತು. ಆ ನೋಟದಲ್ಲಿ ಕೋಪವಿರಲಿಲ್ಲ. ಕ್ಷಮೆಯೂ ಇರಲಿಲ್ಲ. ದನಗಳ ಸಂತೆಯಲ್ಲಿ ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವವರ ಗಟ್ಟಿತನವಿತ್ತು. ಅವರು ಕಂಡಿದ್ದರು. ಅಂದು ಕಂಡಿದ್ದರು, ಇಂದೂ ಪೆಡಲಿನಿಂದ ಮೇಲೆದ್ದ ಮೊಣಕಾಲನ್ನು ಕಂಡಿದ್ದರು. ಸೊಸೆ ತನ್ನ ಮೇಲೆ ಕಾರು ಬಿಟ್ಟಳು ಎಂಬ ಮನೆಯಲ್ಲಿ ಬದುಕುವುದಕ್ಕಿಂತ, ಯಾರೋ ಒಬ್ಬ ತಿರುಪು ಬಿಗಿಯಲು ಮರೆತ ಎಂಬ ಮನೆಯಲ್ಲಿ ಬದುಕುವುದನ್ನು ಅವರು ಆರಿಸಿಕೊಂಡಿದ್ದರು. ಅದಕ್ಕೆ ತೆರಬೇಕಾದ್ದನ್ನು ಈ ಇಸ್ತ್ರಿ ಅಂಗಿಯವನು ತೆರುತ್ತಾನೆ. ಒಪ್ಪಿಕೋ ಎನ್ನುತ್ತಿತ್ತು ನೋಟ. ಅವಳು ಕಾರಿನೊಳಗೆ ಹೋಗಿ ಕೂತಳು. ಓಡಿಹೋಗಲು ಹತ್ತಿರದಲ್ಲಿದ್ದ ಜಾಗ ಅದೊಂದೇ.

"ಇಷ್ಟು ಮಾಡಿದ್ದೀರಿ, ಉಳಿದದ್ದನ್ನು ನಾನು ಮುಗಿಸಿಕೊಡ್ತೀನಿ ಸಾರ್. ಇದೊಂದು ಸಲ," ಎಂದು ಮೇಸ್ತ್ರಿ ಅಂಗಿಯ ತೋಳು ಮಡಿಚಿ ಅದೇ ಚಕ್ರದ ಬಳಿ ಮಂಡಿಯೂರಿದ. ಕೊಳವೆಯನ್ನು ಬಾಟಲಿಯ ತಳದವರೆಗೆ ಇಳಿಸಿ ಆಯಿಲಿನಲ್ಲಿ ಮುಳುಗಿಸಿದ. "ತುದಿ ಹೀಗೆ ಮುಳುಗಿರಬೇಕು ಸಾರ್. ಮೇಲಿದ್ದು ಒಳಗಿನವರು ಕಾಲೆತ್ತಿದರೆ ಗಾಳಿ ಎಳ್ಕೊಂಡು ಬಿಡತ್ತೆ." "ಅವಳು ಎತ್ತಲಿಲ್ಲ ಕಣ್ರೀ. ಬೇಕಾದ್ರೆ ಕೇಳಿ," ಎಂದ ಗಂಡ, ಆಯಿಲ್ ತುಂಬಲು ಮತ್ತೆ ಎತ್ತಿದ ಬಾನೆಟ್ಟಿನ ಹಿಂದಿನಿಂದ. "ಛೆ ಛೆ, ಕೇಳೋದೆಂಥದು. ನಾನು ಮಾತಿಗೆ ಹೇಳಿದೆ, ಅಕ್ಕ. ಒತ್ತಿ." ಅವಳು ಒತ್ತಿದಳು. "ಹಿಡೀರಿ." ಹಿಡಿದಳು. ಪೆಡಲ್ ಈಗ ನಿಜವಾಗಿಯೂ ಮೆತ್ತಗಿತ್ತು. ಹೇಳಿದ್ದ ಹಾಗೆಯೇ, ಹತ್ತಿಯ ಹಾಗೆ. ಕಾಲು ಹೂತುಹೋಗುತ್ತಿತ್ತು, ಅವಳು ಊಹಿಸಿ ಊರಿಗೆಲ್ಲ ಹಂಚಿದ ಮೆದುತನವೇ ಅದು, ಒಂದೆಳೆಯೂ ತಪ್ಪದಂತೆ ಊಹಿಸಿದ್ದಳು. ತಿರುಪು ಸಡಿಲವಾಯಿತು. ಗಂಡ ಬಾನೆಟ್ ಮುಚ್ಚಿದ. ಕಿಟಕಿ ಎದುರಿಗೆ ಬಂತು.

"ನಾನು ಎತ್ತಿದೆ," ಎಂದಳು.

ಕೇಳಿಸಲಿಲ್ಲವೇನೋ ಎಂದು ಇನ್ನೂ ಗಟ್ಟಿಯಾಗಿ ಹೇಳಿದಳು. "ಆಗ ನಾನೇ ಕಾಲೆತ್ತಿದೆ. ಗಾಳಿ ಹೋಗಲಿ ಅಂತಲೇ ಎತ್ತಿದೆ. ಮೊದಲು ಅದರಲ್ಲಿ ಏನೂ ಇರಲಿಲ್ಲ." ಗಂಡ ಬಾಗಿಲ ಬಳಿ ಬಂದ. ಆಯಿಲ್ ಡಬ್ಬಿಯ ಮುಚ್ಚಳ ಅವನ ಕೈಯಲ್ಲೇ ಇತ್ತು. "ಏನೇ ಹೇಳ್ತಿದ್ದೀಯ? ಮತ್ತೆ ಅವತ್ತು?" "ಅವತ್ತು ಬ್ರೇಕ್ ಚೆನ್ನಾಗಿತ್ತು. ನಾನು ಒತ್ತಲಿಲ್ಲ." "ಗಾಬರಿಯಲ್ಲಿ ಒತ್ತೋದು ಮರೆತೆ. ಅಷ್ಟೇ ತಾನೇ? ಮರೆತೆ ಅನ್ನು." ಅವನ ದನಿ ಬೇಡುತ್ತಿತ್ತು, ಎರಡು ಗಾಜು ಎತ್ತಿ ತೋರಿಸುತ್ತಲೂ ಇತ್ತು. ಅವಳು ಎರಡನ್ನೂ ನೋಡಿದಳು. "ಗೊತ್ತಿಲ್ಲ ರೀ. ಮರೆತೆನೋ ಏನೋ. ಒತ್ತಲಿಲ್ಲ, ಅಷ್ಟು ಗೊತ್ತು."

"ಸುಳ್ಳು!" ಕಿಟಕಿಯಿಂದ ಅತ್ತೆಯ ದನಿ ಸೀಳಿಕೊಂಡು ಬಂತು. "ಒತ್ತಿದ್ದಳು. ನಾನು ಎದುರಿಗೇ ಇದ್ದೆ, ನನಗೆ ಗೊತ್ತಿಲ್ವಾ? ಒತ್ತಿದ್ದಳು ಕಣೋ, ನೋಡಿದ್ದೀನಿ ನಾನು. ಅವಳ ಮಾತು ಕೇಳಬೇಡ." ಕಂಬಿ ಹಿಡಿದು ಏಳಲು ಹೋದರು, ಪ್ಲಾಸ್ಟರಿನ ಕಾಲು ಸ್ಟೂಲಿನಿಂದ ಜಾರಿ ನೆಲಕ್ಕೆ ಬಡಿಯಿತು. ಅವರು ಕೂಗಲಿಲ್ಲ, ತುಟಿ ಕಚ್ಚಿ ಸೊಸೆಯನ್ನೇ ನೋಡುತ್ತಿದ್ದರು. ಬೆಳಗಿನಿಂದ ಹಿಡಿದಿಟ್ಟುಕೊಂಡದ್ದೆಲ್ಲ ಆ ಮುಖದಿಂದ ಕಳಚಿ ಬಿದ್ದು, ಅಂದು ಗೇಟಿನ ಬಳಿ ತೆರೆದ ಬಾಯಿಯ ಹಿಂದೆ ಇದ್ದದ್ದೇ ಉಳಿದಿತ್ತು: ಭಯ. ಅವಳಿಂದ ಭಯ. ಗಂಡ ಅವಳ ಕಡೆ ಒಮ್ಮೆ, ಕಿಟಕಿಯ ಕಡೆ ಒಮ್ಮೆ ನೋಡಿ, ಮುಚ್ಚಳವನ್ನು ಬಾನೆಟ್ಟಿನ ಮೇಲೆ ಬಲು ಜಾಗರೂಕತೆಯಿಂದ ಇಟ್ಟು, ಒಳಗೆ ಓಡಿದ.

"ಅಕ್ಕ," ಎಂದ ಮೇಸ್ತ್ರಿ. ಅವನು ಎದ್ದಿರಲಿಲ್ಲ, ದನಿ ಮಾತ್ರ ಚಕ್ರದ ಮರೆಯಿಂದ ಬಂತು. "ಹಾಗಾದ್ರೆ ನಾನು ಅವತ್ತು ಬಿಗಿ ಮಾಡಿದ್ದೆನಾ?"

"ಮಾಡಿದ್ರಿ. ಎಲ್ಲ ಸರಿಯಾಗಿತ್ತು. ನಿಮ್ಮ ಮಾಲೀಕರಿಗೆ ನಾನೇ ಬಂದು ಹೇಳ್ತೀನಿ. ಇವತ್ತೇ."

ಚಕ್ರದ ಕಡೆಯಿಂದ ಮೂಗು ಏರಿಸಿದ ಸದ್ದು ಬಂತು, ಅಥವಾ ಅಂಗಿಯ ತೋಳಿಗೆ ಏನನ್ನೋ ಒರೆಸಿಕೊಂಡ ಸದ್ದು. ಒಳಗೆ ಅತ್ತೆ ಮಗನಿಗೆ ಹೇಳುವುದು ತುಂಡು ತುಂಡಾಗಿ ಕೇಳಿಸುತ್ತಿತ್ತು: ಇಲ್ಲಿ ಬೇಡ, ಆ ಕಡೆಗೆ, ಇನ್ನೂ ಆ ಕಡೆಗೆ. ಭಾರವಾದ ಕುರ್ಚಿ ನೆಲದ ಮೇಲೆ ಎಳೆದ ಸದ್ದು ಕೋಣೆಯ ಉದ್ದಕ್ಕೂ ಹೋಯಿತು. ಒಂದು ಬಾಗಿಲು ಮುಚ್ಚಿತು. ಕಿಟಕಿಯಲ್ಲಿ ಈಗ ಒಳಗಿನ ಕತ್ತಲೆ ಮಾತ್ರ. ಪೆಡಲ್ ತಳ ಮುಟ್ಟಿತ್ತು. ಕಾಲು ಎತ್ತಿ ಓಡಿಹೋಗು ಎಂದು ಅವಳ ಮೈಯೆಲ್ಲ ಹೇಳುತ್ತಿತ್ತು. ಎಲ್ಲಿಗೆ, ಯಾವ ಬಾಗಿಲಿಗೆ ಎಂದು ಮಾತ್ರ ಹೇಳುತ್ತಿರಲಿಲ್ಲ.

"ಬಿಡ್ಲಾ?" ಎಂದು ಕೇಳಿದಳು.

"ತಡೀರಿ ಅಕ್ಕ," ಎಂದ ಮೇಸ್ತ್ರಿ. "ಗಾಳಿ ಇನ್ನೂ ಬರ್ತಾ ಇದೆ."